ಮುಗಿಯದ ಸಭೆಯ ಕಾರ್ಯದರ್ಶಿ

ಎತ್ತರದ ಸೂರಿನ ಒಂದು ಸಭಾಂಗಣ. ಕಿಟಕಿಗಳಿಂದ ಓರೆಯಾಗಿ ಇಳಿದ ಬೆಳಗಿನ ಬಿಸಿಲು, ಅರ್ಧಚಂದ್ರಾಕಾರವಾಗಿ ಜೋಡಿಸಿದ ಆಸನಗಳ ಬೆನ್ನಿನ ಮೇಲೆ ಕೈಯಿಟ್ಟು ನಿಂತಂತಿದೆ. ಆಸನಗಳಲ್ಲಿ ಯಾರೂ ಇಲ್ಲ. ಎದುರಿನ ವೇದಿಕೆಯ ಮೇಲೆ ಎತ್ತರದ ಬೆನ್ನಿನ ಒಂದು ಕುರ್ಚಿ. ಅದು ಮೇಜಿಗೆ ನೇರವಾಗಿಲ್ಲ; ಕುಳಿತಿದ್ದವರು ಸರಕ್ಕನೆ ಎದ್ದಾಗ ಹೇಗೆ ಹೊರಳಿತ್ತೋ ಹಾಗೆಯೇ, ಬಾಗಿಲ ಕಡೆಗೆ ಅರ್ಧ ತಿರುಗಿ ನಿಂತಿದೆ. ಮೇಜಿನ ಮೇಲೆ ಕತ್ತು ಬಗ್ಗಿಸಿದ ಮೈಕು, ಮುಚ್ಚಳವಿಟ್ಟ ನೀರಿನ ಲೋಟ. ವೇದಿಕೆಯ ಕೆಳಗೆ ಎಡಬದಿಯಲ್ಲಿ ಒಂದು ಚಿಕ್ಕ ಮೇಜು; ಅದರ ಹಿಂದೆ ಬೂದುಬಣ್ಣದ ಶಾಲು ಹೊದ್ದ, ಕನ್ನಡಕವನ್ನು ಹಣೆಯ ಮೇಲೆ ಏರಿಸಿಕೊಂಡ ಒಬ್ಬ ಮಹಿಳೆ. ಅವರು ಬರೆಯುತ್ತಿಲ್ಲ, ಓದುತ್ತಿಲ್ಲ, ತೂಕಡಿಸುತ್ತಲೂ ಇಲ್ಲ. ಪೆನ್ನಿನ ಮುಚ್ಚಳ ತೆಗೆದಿಟ್ಟು, ಬೆನ್ನು ನೆಟ್ಟಗೆ ಮಾಡಿ, ಆ ಹೊರಳಿದ ಕುರ್ಚಿಯ ಕಡೆಗೆ ನೋಡುತ್ತ ಕುಳಿತಿದ್ದಾರೆ.

ಇದು ಯಾರೋ ತೆಗೆದ ಛಾಯಾಚಿತ್ರವಲ್ಲ. ಕಳೆದ ಕೆಲವು ವರ್ಷಗಳಲ್ಲಿ ನಮ್ಮ ಪಾಲಿಕೆಯ ಸಭಾಂಗಣದಲ್ಲಿ ಸಾರ್ವಜನಿಕರು ಕೂರುವ ಮೇಲಂಕಣಕ್ಕೆ ಹತ್ತಿಹೋದ ಯಾರಿಗಾದರೂ, ಕೆಲಸದ ಯಾವ ದಿನದಲ್ಲಾದರೂ, ಕಾಣಿಸುತ್ತಿದ್ದ ನೋಟ. ನವ್ಯ ಕವಿತೆಗಳನ್ನು ಓದುತ್ತ ತಲೆ ಬೆಳ್ಳಗಾದ ನನ್ನಂಥವನಿಗೆ ಪುಟದ ಮೇಲಿನ ಖಾಲಿ ಜಾಗ ಖಾಲಿಯಲ್ಲ ಎಂಬುದು ಗೊತ್ತಿತ್ತು. ಆದರೆ ಒಂದು ಖಾಲಿ ಕುರ್ಚಿಯನ್ನು ಇಡೀ ಒಂದು ಊರಿಗೆ ಓದಲು ಕಲಿಸಬಹುದೆಂದು ತೋರಿಸಿಕೊಟ್ಟವರು ಆ ಚಿಕ್ಕ ಮೇಜಿನ ಹಿಂದೆ ಕುಳಿತವರು, ನಮ್ಮ ಪರಿಷತ್ ಕಾರ್ಯದರ್ಶಿಗಳು. ಅವರ ನಿವೃತ್ತಿಯ ನೆನಪಿಗೆಂದು ಊರಿನವರು ಹೊರತರುತ್ತಿರುವ ಈ ಗ್ರಂಥದಲ್ಲಿ ನಾಲ್ಕು ಮಾತು ಬರೆಯುವ ಗೌರವ ನನ್ನ ಪಾಲಿಗೆ ಬಂದಿದೆ.

ಪೌರಾಡಳಿತದ ಕ್ಷೇತ್ರದಲ್ಲಿ ಹೆಸರು ಉಳಿಸಿಕೊಂಡವರು ಸಾಮಾನ್ಯವಾಗಿ ಎರಡು ಬಗೆಯವರು. ರಸ್ತೆ, ಸೇತುವೆ, ನೀರಿನ ತೊಟ್ಟಿಗಳನ್ನು ಕಟ್ಟಿಸಿ ಕಲ್ಲಿನ ಮೇಲೆ ಹೆಸರು ಕೆತ್ತಿಸಿಕೊಂಡವರು ಒಂದು ಬಗೆ. ಅವನ್ನು ಕಟ್ಟಿಸಿದ್ದರಲ್ಲಿ ಎಲ್ಲಿ ಎಡವಟ್ಟಾಯಿತೆಂದು ಕಂಡುಹಿಡಿದು ಹೆಸರು ಕೆಡಿಸಿಕೊಂಡವರು ಇನ್ನೊಂದು ಬಗೆ. ನಮ್ಮ ಕಾರ್ಯದರ್ಶಿಗಳು ಈ ಎರಡಕ್ಕೂ ಸೇರಿದವರಲ್ಲ. ಊರು ತನ್ನ ಬಗ್ಗೆ ತಾನೇ ಮಾತಾಡಿಕೊಳ್ಳುವ ಒಂದೇ ಒಂದು ಜಾಗವಿದೆಯಷ್ಟೆ, ಆ ಜಾಗವನ್ನು ಅವರು ಕಾದರು. ಕಾಯುವುದು ಎಂಬ ಕ್ರಿಯಾಪದಕ್ಕೆ ಸರ್ಕಾರಿ ಸೇವಾ ಪುಸ್ತಕದಲ್ಲಿ ಅಂಕಣವಿಲ್ಲ. ಆದ್ದರಿಂದ ಅಲ್ಲಿ ಅವರ ಹೆಸರಿನ ಮುಂದೆ ‘ನಿವೃತ್ತಿ’ ಎಂಬ ಪದವೂ ಇನ್ನೂ ಬಿದ್ದಿಲ್ಲ. ‘ಇಲಾಖಾ ವಿಚಾರಣೆ ಬಾಕಿ’ ಎಂದು ಬಿದ್ದಿದೆ. ಸರ್ಕಾರ ಅವರನ್ನು ಮರ್ಯಾದೆಯಿಂದ ಬೀಳ್ಕೊಡಲು ಒಪ್ಪಿಲ್ಲ. ಊರು ಒಪ್ಪಿದೆ. ಈ ಗ್ರಂಥದ ಮುಖಪುಟದಲ್ಲಿ ‘ನಿವೃತ್ತಿ’ ಎಂಬ ಪದವನ್ನು ದಪ್ಪ ಅಕ್ಷರದಲ್ಲಿಯೇ ಹಾಕಬೇಕೆಂದು ಸಂಪಾದಕ ಮಂಡಳಿ ಪಟ್ಟು ಹಿಡಿದದ್ದು ಅದಕ್ಕಾಗಿಯೇ.

ಅವರು ಕಾದದ್ದು ಏನನ್ನು ಎಂಬುದನ್ನು ತಿಳಿಯಬೇಕಾದರೆ ನಮ್ಮ ಊರಿನ ಮೇಯರ್ ಪದವಿಯ ಕಥೆಯನ್ನು ಸ್ವಲ್ಪ ಹೇಳಬೇಕು. ಮೊದಮೊದಲ ಮೇಯರುಗಳನ್ನು ಊರು ಆರಿಸಿದ್ದಲ್ಲ, ಮೇಲಿನವರು ನೇಮಿಸಿದ್ದು. ಧಾನ್ಯದ ವರ್ತಕರು, ಮರದ ವರ್ತಕರು, ದೊಡ್ಡ ಮೀಸೆಯವರು. ಗೋಡೆಯ ಮೇಲಿನ ಅವರ ತೈಲಚಿತ್ರಗಳಲ್ಲಿ ನಿಲುವಂಗಿಯೂ ಕೊರಳ ಸರಪಳಿಯೂ ಎಷ್ಟು ಭಾರವಾಗಿವೆಯೆಂದರೆ, ಒಳಗೆ ಮನುಷ್ಯನಿದ್ದಾನೆಯೇ ಎಂದು ಅನುಮಾನ ಬರುತ್ತದೆ. ಬಂದ ದೊರೆಗಳನ್ನು ಸ್ವಾಗತಿಸುವುದು, ಹೋಗುವ ದೊರೆಗಳನ್ನು ಬೀಳ್ಕೊಡುವುದು, ನಡುವೆ ಮುಚ್ಚಿದ ಬಾಗಿಲ ಹಿಂದೆ ಸಭೆ ಸೇರಿ ಒಬ್ಬರಿಗೊಬ್ಬರು ವಂದನೆ ಹೇಳಿಕೊಳ್ಳುವುದು, ಇಷ್ಟೇ ಅವರ ಕಾರ್ಯಭಾರ.

ಊರು ಮೊದಲ ಸಲ ತಾನೇ ಆರಿಸಿದ ಮೇಯರ್ ಒಬ್ಬ ಅಚ್ಚುಕೂಟದ ಯಜಮಾನರು. ಅವರ ಕಾಲದಲ್ಲಿ ನೀರಿನ ಗಲಾಟೆಯಾಗಿ ಜನ ಸಭಾಂಗಣದ ಹೊರಗೆ ಬಿಸಿಲಲ್ಲಿ ನಿಂತಿದ್ದರಂತೆ. ಒಳಗಿನ ಚರ್ಚೆ ಮುಗಿದಾಗ ಯಜಮಾನರು ಕಿಟಕಿಗಳನ್ನೆಲ್ಲ ತೆರೆಸಿ, ಸದಸ್ಯರಿಗೆ ಬೆನ್ನು ಹಾಕಿ, ಹೊರಗಿನವರಿಗೆ ಕೇಳುವಂತೆ, “ಸಭೆ ಮುಗಿಯಿತು” ಎಂದು ತಾವೇ ಸಾರಿದರು. ಅಂದಿನಿಂದ ಅದು ಪದ್ಧತಿಯಾಯಿತು, ಪದ್ಧತಿ ಮುಂದೆ ನಿಯಮವಾಯಿತು. ನಮ್ಮ ಪರಿಷತ್ತಿನ ಸಭೆಯನ್ನು ಗಂಟೆ ಬಾರಿಸಿ ಮುಗಿಸುವಂತಿಲ್ಲ, ದೀಪ ಆರಿಸಿ ಮುಗಿಸುವಂತಿಲ್ಲ, ಕಾರ್ಯದರ್ಶಿ ಮುಗಿಸುವಂತಿಲ್ಲ. ಸಭೆಯನ್ನು ಆರಂಭಿಸಿದ ಮೇಯರ್ ಎದ್ದು ನಿಂತು, ಊರಿನವರ ಕಡೆ ತಿರುಗಿ, ಬಾಯಿಬಿಟ್ಟು ಹೇಳಬೇಕು. ದಿನದ ಕಚೇರಿ ವೇಳೆ ಮುಗಿದಾಗ ವಿರಾಮ ಕೊಡಲು ಮಾತ್ರ ಕಾರ್ಯದರ್ಶಿಗೆ ಅವಕಾಶವುಂಟು.

ಆಮೇಲೆ ಬಂದದ್ದು ಕತ್ತರಿಸುವ ಕಾಲ. ಮೇಯರ್ ಪದವಿ ಒಂದು ವರ್ಷಕ್ಕೆ ಇಳಿಯಿತು. ಕಂದಾಯ ಒಬ್ಬರ ಕೈಗೆ, ಕಾಮಗಾರಿ ಇನ್ನೊಬ್ಬರ ಕೈಗೆ, ಕೊನೆಗೆ ಕಡತವೆಲ್ಲ ಆಯುಕ್ತರ ಕೈಗೆ ಹೋಯಿತು. ನಮ್ಮ ಕಾರ್ಯದರ್ಶಿಗಳು ಹೊಸ ಸದಸ್ಯರಿಗೆ ಪ್ರತಿ ಸಲವೂ ಹೇಳುತ್ತಿದ್ದ ಮಾತಿದೆ: ಈ ಊರಿನ ಮೇಯರ್ ಅವರಿಗೆ ಒಂದು ನಲ್ಲಿಯನ್ನು ತಿರುಗಿಸುವ ಅಧಿಕಾರವೂ ಇಲ್ಲ, ಆದರೆ ನಲ್ಲಿಯಲ್ಲಿ ನೀರು ಯಾಕೆ ಬರುತ್ತಿಲ್ಲವೆಂದು ಆಯುಕ್ತರನ್ನು ಎದ್ದುನಿಲ್ಲಿಸಿ ಕೇಳುವ ಸಭೆ ಅವರದು. ಎಲ್ಲವನ್ನೂ ಕಿತ್ತುಕೊಂಡವರು ಇದೊಂದನ್ನು ಯಾಕೆ ಬಿಟ್ಟರೆಂದರೆ, ಇದರ ಬೆಲೆ ಅವರಿಗೆ ಗೊತ್ತಿರಲಿಲ್ಲ.

ಕಾರ್ಯದರ್ಶಿಗಳು ಪಾಲಿಕೆಗೆ ಬಂದದ್ದು ಕಾನೂನು ಪದವಿ ಮುಗಿಸಿದ ಹೊಸತರಲ್ಲಿ, ಕಾನೂನು ಶಾಖೆಯ ಸಹಾಯಕಿಯಾಗಿ. ನಾನಾಗ ಪರಿಷತ್ತಿನ ಶೀಘ್ರಲಿಪಿಕಾರ. ಸದಸ್ಯರು ಆಡಿದ್ದನ್ನೆಲ್ಲ ಕೊಕ್ಕೆ ಗೆರೆಗಳಲ್ಲಿ ಹಿಡಿದು, ಆಮೇಲೆ ಅದನ್ನು ಅವರು ಆಡಬೇಕಾಗಿದ್ದ ಭಾಷೆಗೆ ತಿದ್ದುವ ಕೆಲಸ ನನ್ನದು. ಮೊದಲ ದಿನವೇ ಅವರು ನನ್ನ ನಡಾವಳಿಯನ್ನು ಓದಿ, ಸದಸ್ಯರೊಬ್ಬರ ಬೈಗುಳವನ್ನು ನಾನು ‘ತೀವ್ರ ಅಸಮಾಧಾನ’ ಎಂದು ಬರೆದದ್ದನ್ನು ತೋರಿಸಿ, ಅಸಮಾಧಾನ ಸರಿ, ಆದರೆ ಯಾವ ಬೀದಿಯ ಚರಂಡಿಯ ಬಗ್ಗೆ ಎಂಬುದೇ ಬಿಟ್ಟುಹೋಗಿದೆಯಲ್ಲ ಎಂದು ಕೇಳಿದರು. ಭಾಷೆಯ ಮೇಲಿನ ವ್ಯಾಮೋಹದಲ್ಲಿ ಬೀದಿ ಕಳೆದುಹೋಗಬಾರದೆಂಬ ಪಾಠವನ್ನು ಅದುವರೆಗೆ ಯಾವ ವಿಮರ್ಶಕರೂ ನನಗೆ ಅಷ್ಟು ಚುಟುಕಾಗಿ ಹೇಳಿರಲಿಲ್ಲ.

ಕಾರ್ಯದರ್ಶಿ ಹುದ್ದೆಗೇರಿದ ಮೇಲೆ ಸದಸ್ಯರು ಅವರಿಗೆ ಇಟ್ಟ ಹೆಸರು ‘ಅಂಪೈರ್ ಅಕ್ಕ’. ಹಿಂದಿನ ಸಾಲಿನಲ್ಲಿ ಕೂರುತ್ತಿದ್ದ, ಯಾವ ಪಕ್ಷಕ್ಕೂ ಒಗ್ಗದ ಸದಸ್ಯರೊಬ್ಬರು ತಮ್ಮ ಮಾತಿನ ವೇಳೆ ಮುಗಿದಾಗೆಲ್ಲ, “ಅಕ್ಕಾ, ಒಂದೇ ಒಂದು ನೋಬಾಲ್ ಕೊಡಿ” ಎಂದು ಕೈಮುಗಿಯುತ್ತಿದ್ದರು. ಅಕ್ಕ ತಲೆ ಎತ್ತದೆ, “ನೀವು ಕ್ರೀಸಿಗೇ ಬಂದಿಲ್ಲ, ಇನ್ನೂ ಪೆವಿಲಿಯನ್ನಿನಲ್ಲೇ ಇದೀರಿ, ಕೂತ್ಕೊಳ್ಳಿ” ಎನ್ನುತ್ತಿದ್ದರು. ಸಭೆ ನಗುತ್ತಿತ್ತು. ಆ ನಗುವಿನಲ್ಲಿ ಎಷ್ಟು ಹೊಡೆದಾಟಗಳು ಹುಟ್ಟುವ ಮೊದಲೇ ಸತ್ತವೋ ಬಲ್ಲವರಾರು.

ಅವರ ಕರುಣೆ ಯಾವಾಗಲೂ ನಿಯಮದ ವೇಷ ಹಾಕಿಕೊಂಡೇ ಬರುತ್ತಿತ್ತು. ತರಕಾರಿ ಮಾರುವ ಒಬ್ಬ ಹೆಂಗಸು ಮೊದಲ ಸಲ ಗೆದ್ದು ಬಂದರು. ಸಂತೆಯಲ್ಲಿ ಅವರ ಕೂಗು ಮೂರು ಬೀದಿಗೆ ಕೇಳುತ್ತಿತ್ತು. ಸಭೆಯಲ್ಲಿ ಮೈಕಿನ ಮುಂದೆ ನಿಂತರೆ ಉಸಿರೂ ಕೇಳುತ್ತಿರಲಿಲ್ಲ. ಅಕ್ಕ ಯಾವುದೋ ಹಳೆಯ ಕಲಮನ್ನು ಹುಡುಕಿ, ಸದಸ್ಯರು ಬಯಸಿದಲ್ಲಿ ಕುಳಿತೇ ಮಾತಾಡಬಹುದೆಂದೂ ಮೈಕು ಕಡ್ಡಾಯವಲ್ಲವೆಂದೂ ಮೇಯರ್ ಅವರಿಂದ ಹೇಳಿಸಿದರು. ಕುಳಿತ ಮೇಲೆ ಆಕೆಗೆ ಅದು ತನ್ನ ಬುಟ್ಟಿಯ ಹಿಂದಿನ ಜಾಗವೇ ಅನಿಸಿತೋ ಏನೋ. ಅಂದು ಆರೋಗ್ಯಾಧಿಕಾರಿಗಳಿಗೆ ನಡೆದ ಮರ್ಯಾದೆಯನ್ನು ಬರೆದುಕೊಳ್ಳುತ್ತ ನನ್ನ ಪೆನ್ಸಿಲಿನ ಮೊನೆ ಮುರಿಯಿತು. ನನ್ನದೇ ಮಾತು ಹೇಳುವುದಾದರೆ, ಸೇವೆಯ ಕೊನೆಯ ವರ್ಷಗಳಲ್ಲಿ ನನಗೆ ಕಿವಿ ಮಂದವಾಗತೊಡಗಿತು. ಶೀಘ್ರಲಿಪಿಕಾರನಿಗೆ ಕಿವಿ ಹೋದರೆ ಉಳಿಯುವುದೇನು? ಯಾರಿಗೂ ಹೇಳಿರಲಿಲ್ಲ. ಒಂದು ಬೆಳಿಗ್ಗೆ ಬಂದು ನೋಡಿದರೆ ನನ್ನ ಮೇಜು ಮೂಲೆಯಿಂದ ಎದ್ದು, ಸಭೆಯ ನಟ್ಟನಡುವೆ, ಮಾತಾಡುವವರ ಮುಖ ಕಾಣುವ ಜಾಗದಲ್ಲಿ ಕುಳಿತಿತ್ತು. ಮೂಲೆಯಲ್ಲಿ ಗೋಡೆಗೆ ಸುಣ್ಣ ಬಳಿಯಬೇಕಿದೆ ಎಂದರು ಅಕ್ಕ. ಆ ಗೋಡೆಗೆ ಇಂದಿಗೂ ಸುಣ್ಣ ಬಿದ್ದಿಲ್ಲ.

ಇನ್ನು ಆ ದಿನದ ಮಾತು. ಆ ವರ್ಷ ಮೇಯರ್ ಆಗಿದ್ದವರು ವೃತ್ತಿಯಿಂದ ದರ್ಜಿ, ಸಂತೆಬೀದಿಯಲ್ಲಿ ಅಂಗಡಿ. ನಿಲುವಂಗಿಯ ತೋಳು ಉದ್ದವಾಯಿತೆಂದು ಅಧಿಕಾರ ಸ್ವೀಕಾರದ ದಿನ ತಾವೇ ಮಡಿಸಿ ಹೊಲಿದುಕೊಂಡು ಬಂದಿದ್ದವರು. ಮಧ್ಯಾಹ್ನದ ಸಭೆಯಲ್ಲಿ ಒಂದು ವಿಷಯದ ಚರ್ಚೆ ನಡೆಯುತ್ತಿರುವಾಗಲೇ ಸರ್ಕಾರದ ಆದೇಶ ಬಂತು: ಪರಿಷತ್ತನ್ನು ವಿಸರ್ಜಿಸಲಾಗಿದೆ, ಇನ್ನು ಮುಂದೆ ಊರನ್ನು ಆಡಳಿತಾಧಿಕಾರಿಗಳು ನೋಡಿಕೊಳ್ಳುತ್ತಾರೆ. ಮೇಯರ್ ಅದನ್ನು ಓದಿದರು. ಅವರ ಮುಖ ಕೆಂಪಾಯಿತು. ಒಂದು ಮಾತೂ ಆಡದೆ, ಕುರ್ಚಿ ಹೊರಳುವಂತೆ ಎದ್ದು, ಹೊರಟೇಹೋದರು. ಅವರ ಹಿಂದೆ ಸದಸ್ಯರೆಲ್ಲ ಘೋಷಣೆ ಕೂಗುತ್ತ ಹೊರಬಿದ್ದರು. ಸಭಾಂಗಣದಲ್ಲಿ ಉಳಿದವರು ನಾವಿಬ್ಬರು. ನಾನು ಪೆನ್ಸಿಲು ಕೆಳಗಿಡುತ್ತಿದ್ದೆ.

“ಇಡಬೇಡಿ ಸಾರ್” ಎಂದರು ಅಕ್ಕ. “ಅವರು ಮುಗೀತು ಅಂತ ಹೇಳಲಿಲ್ಲ.”

ಆದೇಶದ ಪ್ರತಿ ಅವರ ಕೈಯಲ್ಲಿತ್ತು. ಸೌಜನ್ಯ ತೋರಿಸಬೇಕೆಂಬ ಆಸೆಯಿಂದಲೋ ಏನೋ, ಅದನ್ನು ಬರೆದ ಪುಣ್ಯಾತ್ಮರು, ‘ಈಗ ನಡೆಯುತ್ತಿರುವ ಸಭೆಯು ಮುಕ್ತಾಯವಾದೊಡನೆ’ ಪರಿಷತ್ತು ವಿಸರ್ಜನೆಯಾಗುತ್ತದೆ ಎಂದು ಬರೆದಿದ್ದರು. ಸಭೆಯನ್ನು ಮುಗಿಸಬೇಕಾದವರು ಸಿಟ್ಟಿನಲ್ಲಿ ಮುಗಿಸದೆ ಎದ್ದುಹೋಗಿದ್ದರು. ಸಭೆ ಮುಗಿಯದೆ ಪರಿಷತ್ತು ಸಾಯದು; ಪರಿಷತ್ತು ಸಾಯದೆ ಮೇಯರ್ ಪದವಿ ಹೋಗದು. ಬರೆದವರು ಒಂದು ತಪ್ಪು ಮಾಡಿದ್ದರು, ಎದ್ದುಹೋದವರು ಒಂದು ತಪ್ಪು ಮಾಡಿದ್ದರು. ಆ ಎರಡು ತಪ್ಪುಗಳ ನಡುವಿನ ಸಂದಿಯಲ್ಲಿ ನಮ್ಮ ಕಾರ್ಯದರ್ಶಿಗಳು ತಮ್ಮ ಕುರ್ಚಿ ಹಾಕಿಕೊಂಡು ಕುಳಿತುಬಿಟ್ಟರು. ಅಂದು ಕಚೇರಿ ಮುಚ್ಚುವ ಹೊತ್ತಿಗೆ ವಿರಾಮವೆಂದು ಘೋಷಿಸಿದರು. ಮರುದಿನ ಬೆಳಿಗ್ಗೆ ಬಾಗಿಲು ತೆರೆಸಿ, ಸಭೆ ಮುಂದುವರಿದಿದೆ ಎಂದು ಖಾಲಿ ಆಸನಗಳಿಗೆ ತಿಳಿಸಿ ಕುಳಿತರು. ಅದರ ಮರುದಿನವೂ ಅಷ್ಟೆ.

ಇದನ್ನು ಹಠವೆಂದವರುಂಟು, ಹುಚ್ಚೆಂದವರುಂಟು. ಅವರ ಕಾನೂನಿನ ಓದು ಗಟ್ಟಿಯಾದದ್ದೆಂದು ನಾನೂ ವಾದಿಸಲಾರೆ; ಊರಿನ ಹಿರಿಯ ವಕೀಲರು ಅದನ್ನು ಕೇಳಿ ಮುಗುಳ್ನಕ್ಕರು. ಅಕ್ಕನನ್ನೇ ಕೇಳಿದೆ. ವಾದ ಅಷ್ಟೇನೂ ಗಟ್ಟಿಯಿಲ್ಲ ಎಂದು ಅವರೇ ಒಪ್ಪಿಕೊಂಡರು. ಆದರೆ ಅದು ಗಟ್ಟಿಯಿಲ್ಲ ಎಂದು ಹೇಳಬೇಕಾದವರು ನ್ಯಾಯಾಲಯದವರು, ಅವರು ಹೇಳುವವರೆಗೆ ನಾನು ಯಾಕೆ ಏಳಲಿ ಎಂದರು. ವಿಷಯ ನ್ಯಾಯಾಲಯಕ್ಕೂ ಹೋಯಿತು. ಅಲ್ಲಿ ಸಿಕ್ಕಿದ ಮಧ್ಯಂತರ ಆದೇಶ ಇಷ್ಟು: ಹೊಸ ನಿರ್ಣಯ ಮಾಡುವಂತಿಲ್ಲ, ಸಭಾಂಗಣವನ್ನು ಬದಲಿಸುವಂತಿಲ್ಲ, ಮೇಯರ್ ತಾವಾಗಿ ಬಂದು ಸಭೆಯನ್ನು ಮುಗಿಸಿದರೆ ಮುಗಿಯಿತು, ಅಲ್ಲಿಯವರೆಗೆ ಎಲ್ಲವೂ ಇದ್ದಹಾಗೆಯೇ ಇರತಕ್ಕದ್ದು. ಆಮೇಲೆ ಪ್ರಕರಣ ಮುಂದಕ್ಕೆ, ಮತ್ತೆ ಮುಂದಕ್ಕೆ ಹೋಯಿತು. ಹೀಗೆ ಒಂದು ಊರಿನ ಮಾತಿನ ಹಕ್ಕು ಒಬ್ಬ ದರ್ಜಿಯ ನಾಲಗೆಯ ತುದಿಯಲ್ಲಿ ನಿಂತಿತು.

ಆಡಳಿತಾಧಿಕಾರಿಗಳು ಕೆಟ್ಟವರೆಂದು ನಾನು ಹೇಳಲಾರೆ. ಓದಿದವರು, ಮೃದುಭಾಷಿಗಳು. ಸಭಾಂಗಣವನ್ನು ಪ್ಲೈವುಡ್ಡಿನಿಂದ ಪಾಲು ಮಾಡಿ ಕಂಪ್ಯೂಟರ್ ಶಾಖೆಗೆ ಕೊಡುವುದು, ಮೇಯರ್ ಪದವಿಯ ಜಾಗದಲ್ಲಿ ಸರ್ಕಾರ ನೇಮಿಸುವ ಪ್ರಾಧಿಕಾರವೊಂದನ್ನು ತರುವುದು, ಇದೆಲ್ಲದರ ನಕ್ಷೆ ಅವರ ಕೊಠಡಿಯಲ್ಲಿ ಸುರುಳಿ ಸುತ್ತಿಕೊಂಡು ಕಾಯುತ್ತಿತ್ತು. ಒಮ್ಮೆ ಅವರು ಸಭಾಂಗಣಕ್ಕೇ ಬಂದು, ತಾಳ್ಮೆಯ ನಗೆ ನಕ್ಕು, “ಮೇಡಂ, ನೀವು ಕಾಯ್ತಾ ಇರೋದು ಬರೀ ಖಾಲಿ ಕುರ್ಚೀನ” ಎಂದರು.

“ತುಂಬಿದ ಕುರ್ಚಿ ಕಾಯೋಕೆ ಪೊಲೀಸರಿದ್ದಾರಲ್ಲ ಸಾರ್” ಎಂದರು ಅಕ್ಕ.

ಮೇಲಂಕಣದಲ್ಲಿ ಆ ಹೊತ್ತಿಗೆ ಜನ ಸೇರತೊಡಗಿದ್ದರು. ಮೊದಲು ಕುತೂಹಲಕ್ಕೆ, ಆಮೇಲೆ ಅಭ್ಯಾಸಕ್ಕೆ. ಅಷ್ಟರಲ್ಲಿ ನಿವೃತ್ತನಾಗಿದ್ದ ನಾನೂ ಅಲ್ಲೊಂದು ಜಾಗ ಹಿಡಿದೆ. ಪಾಲಿಕೆಯ ಯಾವುದೋ ಕಿಟಕಿಯಲ್ಲಿ ಬೈಸಿಕೊಂಡು ಬಂದವರು, ನಲ್ಲಿಗಾಗಿ ಅಲೆದು ಸುಸ್ತಾದವರು, ನಡೆಯುತ್ತಿರುವ ಸಭೆಯಲ್ಲಿ ಕೂರುವುದು ತಮ್ಮ ಹಕ್ಕೆಂದು ತಿಳಿದು ಸುಮ್ಮನೆ ಬಂದು ಕೂರುತ್ತಿದ್ದರು. ಮೌನವಾಗಿ ಕೂರುವುದೂ ಒಂದು ಬಗೆಯ ಗಲಾಟೆಯೆಂಬುದು ಆಡಳಿತಾಧಿಕಾರಿಗಳಿಗೆ ತಡವಾಗಿ ಅರಿವಾಯಿತು. ಆಮೇಲೆ ಜ್ಞಾಪನಪತ್ರಗಳು ಬಂದವು, ವರ್ಗಾವಣೆಯ ಬೆದರಿಕೆ ಬಂತು, ಕೊನೆಗೆ ಕರ್ತವ್ಯಲೋಪದ ಆರೋಪ ಹೊರಿಸಿ ವಿಚಾರಣೆಯೂ ಬಂತು. ಕರ್ತವ್ಯಲೋಪ! ಮಗಳ ಮದುವೆಯ ಬೆಳಿಗ್ಗೆಯೂ ಬಂದು ಬಾಗಿಲು ತೆರೆಸಿ, ತಮ್ಮ ಸಹಾಯಕರನ್ನು ಮೇಜಿನ ಹಿಂದೆ ಕೂರಿಸಿಯೇ ಹೋದವರ ಮೇಲೆ. ಗಂಡಿನ ಕಡೆಯವರು ಹುಡುಗಿಯ ತಾಯಿ ಎಲ್ಲಿ ಎಂದು ಕೇಳಿದಾಗ, ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿರುವ ಅಕ್ಕನ ಯಜಮಾನರು, ಸಭೆಯಲ್ಲಿದ್ದಾಳೆ, ಮೇಯರ್ ಎದ್ದುಹೋಗಿದ್ದಾರಂತೆ ಎಂದು ಗಂಭೀರವಾಗಿ ಉತ್ತರಿಸಿದರಂತೆ. ಮನೆಯಲ್ಲಿ ಹಾಸಿಗೆ ಹಿಡಿದಿದ್ದ ಅಕ್ಕನ ತಾಯಿ ದಿನವೂ ಸಂಜೆ ಮಗಳು ಚಪ್ಪಲಿ ಬಿಡುವ ಸದ್ದು ಕೇಳಿದೊಡನೆ, “ಏನೇ, ಮುಗೀತಾ ನಿನ್ನ ಸಭೆ?” ಎಂದು ಒಳಗಿಂದ ಕೂಗುತ್ತಿದ್ದರು. ಇಲ್ಲವೆಂದರೆ, “ನಿಮ್ಮಪ್ಪನ ಕಥೆಗಳೂ ಇಷ್ಟು ಉದ್ದ ಇರ್ಲಿಲ್ವಲ್ಲೇ” ಎನ್ನುತ್ತಿದ್ದರು. ಆ ತಾಯಿ ಕಳೆದ ವರ್ಷ ತೀರಿಕೊಂಡರು. ಕೊನೆಯ ವಾರದಲ್ಲಿ ಅವರು ಕೇಳುವ ರೀತಿ ಬದಲಾಗಿತ್ತೆಂದು ಅಕ್ಕ ಒಮ್ಮೆ ಹೇಳಿದರು. ಮುಗಿಸಿಬಿಡಬೇಡ ಕಣೇ ಮತ್ತೆ, ಎನ್ನುತ್ತಿದ್ದರಂತೆ.

ದರ್ಜಿ ಮೇಯರ್ ಮಾತ್ರ ಪಾಲಿಕೆಯ ಕಡೆ ತಲೆ ಹಾಕಲಿಲ್ಲ. ಒಮ್ಮೆ ನನ್ನ ಕೋಟಿನ ಅಸ್ತರು ಹರಿದು ಅವರ ಅಂಗಡಿಗೆ ಹೋಗಿದ್ದೆ. ತುಂಬ ಹೊತ್ತು ಯಂತ್ರ ತುಳಿದು, ದಾರ ಕಚ್ಚಿ ಕತ್ತರಿಸಿ, ಅಕ್ಕ ಇನ್ನೂ ಕೂತಿದ್ದಾರೆಯೇ ಎಂದು ಕೇಳಿದರು. ಕೂತಿದ್ದಾರೆ ಎಂದೆ.

“ಅಳತೆ ತಗೊಳ್ದೆ ಕತ್ತರಿ ಹಾಕೋನಲ್ಲ ಸಾರ್ ನಾನು. ಅವತ್ತೊಂದು ದಿನ ಹಾಕ್ಬಿಟ್ಟೆ. ಈಗ ಅದನ್ನ ಆ ಹೆಣ್ಣುಮಗಳು ಹಿಡ್ಕೊಂಡು ಕೂತಿದ್ದಾರೆ” ಎಂದರು. ಕೋಟನ್ನು ಮಡಿಸಿಕೊಟ್ಟರು.

ಅಭಿನಂದನ ಗ್ರಂಥದ ಲೇಖನ ಹಾರೈಕೆಯೊಂದಿಗೆ ಮುಗಿಯಬೇಕೆಂಬುದು ರೂಢಿ. ನಾನು ಆ ಹಾರೈಕೆಯನ್ನು ಇಲ್ಲಿಯೇ ಸಲ್ಲಿಸಿಬಿಡುತ್ತೇನೆ. ಏಕೆಂದರೆ ಇದಾದ ಮೇಲೆ ಹೇಳಬೇಕಾದ ಸಂಗತಿಗೆ ನನ್ನ ಮಾತಿನ ಬಾಲ ಅಂಟಿಸಲು ಮನಸ್ಸಿಲ್ಲ. ಅಕ್ಕ ನೂರು ಕಾಲ ಬಾಳಲಿ. ಅವರ ಬೆನ್ನು ಈಗಿರುವಷ್ಟೇ ನೆಟ್ಟಗಿರಲಿ, ನಾಲಗೆ ಈಗಿರುವಷ್ಟೇ ಹರಿತವಾಗಿರಲಿ. ವಿಚಾರಣೆ ನಡೆಸುವವರು ಅವರಿಗೆ ಯಾವ ಹೆಸರಿಟ್ಟರೂ ಅದು ಇಟ್ಟವರ ಹತ್ತಿರವೇ ಉಳಿಯಲಿ. ವಾರ್ಡು ವಾರ್ಡಿನಲ್ಲಿ ಶಾಲೆಯ ಕೊಠಡಿ ಕೇಳಿ ಪಡೆದು, ನಾಳೆ ಚುನಾವಣೆಗೆ ನಿಲ್ಲಬೇಕೆನ್ನುವ ಹೆಣ್ಣುಮಕ್ಕಳಿಗೆ ಸಭೆಯಲ್ಲಿ ಪ್ರಶ್ನೆ ಕೇಳುವುದನ್ನು ಕಲಿಸುವ ಕೆಲಸವನ್ನು ಅವರು ನಿವೃತ್ತಿಯ ಮಾರನೆಯ ದಿನವೇ ಆರಂಭಿಸಿದ್ದಾರೆ. ಆ ಕೊಠಡಿಗಳು ತುಂಬಲಿ. ನಮ್ಮ ಊರಿಗೆ ಮೇಯರ್ ಬೇಡವೆನ್ನುವವರಿಗೆ ನಮ್ಮದೊಂದೇ ಉತ್ತರ: ಬೇಡವೆಂದು ಹೇಳುವ ಅಧಿಕಾರವೂ ಊರಿನದು; ಕೇಳಬೇಕಾದರೆ ಬಂದು ಸಭೆಯಲ್ಲಿ ಕೇಳಿ.

ಇನ್ನು ಅವರ ಸೇವೆಯ ಕೊನೆಯ ದಿನ. ಮೇಲಂಕಣದಲ್ಲಿ ಕಾಲಿಡಲು ಜಾಗವಿರಲಿಲ್ಲ. ಅಕ್ಕ ಎಂದಿನಂತೆ ಕುಳಿತಿದ್ದರು. ಪಕ್ಕದಲ್ಲಿ ನಾಳೆಯಿಂದ ಆ ಮೇಜನ್ನು ವಹಿಸಿಕೊಳ್ಳಬೇಕಿದ್ದ ಸಹಾಯಕರು. ಮಧ್ಯಾಹ್ನದ ಹೊತ್ತಿಗೆ ದೊಡ್ಡ ಬಾಗಿಲು ತೆರೆಯಿತು. ಆಡಳಿತಾಧಿಕಾರಿಗಳು ಬಂದರು. ಅವರ ಹಿಂದೆ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ನೆಲ ನೋಡುತ್ತ, ದರ್ಜಿ ಮೇಯರ್ ಬಂದರು.

ಅವರನ್ನು ಹೇಗೆ ಒಪ್ಪಿಸಿದ್ದರೆಂಬುದು ಊರಿಗೆ ಆಮೇಲೆ ತಿಳಿಯಿತು. ಆಡಳಿತಾಧಿಕಾರಿಗಳು ಅಂಗಡಿಗೆ ಹೋಗಿ, ಬೆದರಿಸದೆ, ಬಹಳ ಸಮಾಧಾನದಿಂದಲೇ ಹೇಳಿದ್ದರಂತೆ: ನೀವು ಒಂದು ಮಾತು ಹೇಳಿದರೆ ಆ ಹೆಣ್ಣುಮಗಳ ಮೇಲಿನ ಆರೋಪ ಬಿದ್ದುಹೋಗುತ್ತದೆ, ಅವರು ಮರ್ಯಾದೆಯಿಂದ ನಿವೃತ್ತರಾಗುತ್ತಾರೆ, ಹೇಳದಿದ್ದರೆ ಇಷ್ಟು ವರ್ಷದ ಸೇವೆ ಕಳಂಕದಲ್ಲಿ ಕೊನೆಯಾಗುತ್ತದೆ, ಅದಕ್ಕೆ ನೀವೇ ಕಾರಣ. ಆಸೆಗೂ ಹೆದರಿಕೆಗೂ ಬಗ್ಗದ ಮನುಷ್ಯನನ್ನು ಋಣದಿಂದ ಬಗ್ಗಿಸಬಹುದೆಂದು ಅವರಿಗೆ ಗೊತ್ತಿತ್ತು.

ಮೇಯರ್ ಒಳಗೆ ಬಂದೊಡನೆ ಅಕ್ಕ ಎದ್ದು ನಿಂತರು. ಅವರನ್ನು ನೋಡಿ ಮೇಲಂಕಣವೆಲ್ಲ ಎದ್ದು ನಿಂತಿತು. ದರ್ಜಿ ವೇದಿಕೆ ಹತ್ತಿ, ಹೊರಳಿದ ಕುರ್ಚಿಯನ್ನು ನೇರ ಮಾಡಿ, ಕೂರಲೋ ಬೇಡವೋ ಎಂಬಂತೆ ತುದಿಯಲ್ಲಿ ಕುಳಿತರು. ಆಡಳಿತಾಧಿಕಾರಿಗಳಿಗೆ ಆ ಸಭೆಯಲ್ಲಿ ಆಸನವಿರಲಿಲ್ಲ. ಅವರು ಕಂಬದ ಪಕ್ಕ ನಿಂತರು. ಮೈಕನ್ನು ಹತ್ತಿರಕ್ಕೆಳೆದುಕೊಳ್ಳದೆ, ಆದರೆ ಎಲ್ಲರಿಗೂ ಕೇಳುವಂತೆ, ದರ್ಜಿ ಹೇಳಿದರು:

“ಅಕ್ಕಾ, ಸಾಕು. ನೀವು ತಲೆ ಎತ್ಕೊಂಡು ಮನೆಗೆ ಹೋಗ್ಬೇಕು. ನನ್ನಿಂದ ಆದದ್ದನ್ನ ನಾನೇ ಮುಗಿಸ್ತೀನಿ.”

“ನನ್ನ ತಲೆ ನಾನು ಎತ್ಕೋತೀನಿ ಸಾರ್, ಅದಕ್ಕೆ ಯಾರ ಸಹಾಯಾನೂ ಬೇಡ” ಎಂದರು ಅಕ್ಕ. ಅವರ ಧ್ವನಿಯಲ್ಲಿ ಸಿಟ್ಟಿರಲಿಲ್ಲ. “ಮುಗಿಸೋದು ನಿಮ್ಮ ಅಧಿಕಾರ. ನಾನು ತಡೆಯಲ್ಲ. ಆದ್ರೆ ನಡುವೆ ನಿಂತ ವಿಷಯಾನ ಮೊದಲು ಓದಿ ಹೇಳ್ಬೇಕು. ಅದು ನನ್ನ ಕೆಲಸ.”

ಕನ್ನಡಕವನ್ನು ಹಣೆಯಿಂದ ಇಳಿಸಿಕೊಂಡು ಅವರು ಓದಿದರು: ಕೆಳಪೇಟೆಯ ಹೆರಿಗೆ ಆಸ್ಪತ್ರೆಯ ಮೇಲ್ಛಾವಣಿ ಸೋರುತ್ತಿರುವ ಬಗ್ಗೆ. ಓದಿ, ಕುಳಿತರು. ಅದಕ್ಕೆ ಒಂದು ಅಕ್ಷರವನ್ನೂ ಸೇರಿಸಲಿಲ್ಲ.

ದರ್ಜಿ ಸ್ವಲ್ಪ ಹೊತ್ತು ಮೇಜಿನ ಅಂಚನ್ನು ಬೆರಳಿನಿಂದ ಸವರುತ್ತಿದ್ದರು, ಹೊಲಿಗೆ ಎಲ್ಲಿ ಬಿಟ್ಟಿದೆ ಎಂದು ಹುಡುಕುವವರ ಹಾಗೆ. ಆಮೇಲೆ ತಲೆ ಎತ್ತಿ ಮೇಲಂಕಣದ ಕಡೆ ನೋಡಿ, ಕೆಳಪೇಟೆಯವರು ಯಾರಾದರೂ ಬಂದಿದ್ದೀರಾ ಎಂದು ಕೇಳಿದರು. ಹಿಂದಿನಿಂದ ಒಬ್ಬ ವಯಸ್ಸಾದ ಹೆಂಗಸು ಮುಂದೆ ನೂಕಿಕೊಂಡು ಬಂದು ಅಂಚಿನ ಕಟಾಂಜನದ ಕಂಬಿ ಹಿಡಿದು ನಿಂತರು.

“ನಾನಿದೀನಿ ಯಜಮಾನ್ರೇ. ಅದೇ ಆಸ್ಪತ್ರೇಲಿ ಆಯಾ.”

“ಸೋರೋದು ನಿಂತಿದ್ಯಾ ತಾಯಿ?”

“ಎಲ್ಲಿ ನಿಲ್ಲತ್ತೆ? ಮಂಚಾನ ಈ ಮೂಲೆಯಿಂದ ಆ ಮೂಲೆಗೆ ಎಳೆದೂ ಎಳೆದೂ ಈಗ ಎಳೆಯೋಕೆ ಮೂಲೇನೇ ಉಳಿದಿಲ್ಲ. ಹೆತ್ತ ಮೊದಲನೇ ದಿನಾನೇ ಕೂಸಿಗೆ ಕೊಡೆ ಹಿಡೀತೀವಿ.”

ಯಾರೋ ನಕ್ಕರು; ನಕ್ಕವರೇ ನಿಲ್ಲಿಸಿದರು. ಆಡಳಿತಾಧಿಕಾರಿಗಳು ಕಂಬದ ಪಕ್ಕದಿಂದ ಒಂದು ಹೆಜ್ಜೆ ಮುಂದೆ ಬಂದು, ಅದು ಬೇರೆ ವಿಷಯ, ಅದನ್ನು ಇಲಾಖೆ ನೋಡಿಕೊಳ್ಳುತ್ತದೆ, ತಾವು ಆ ಒಂದು ಮಾತು ಹೇಳಿಬಿಡಬೇಕು ಎಂದು ಬಹಳ ಗೌರವದಿಂದ ಕೇಳಿಕೊಂಡರು.

“ಬೇರೆ ವಿಷಯ ಅಲ್ಲ ಸಾರ್” ಎಂದರು ದರ್ಜಿ. “ಇರೋದು ಅದೊಂದೇ ವಿಷಯ. ನಾವಿನ್ನೂ ಅದನ್ನ ಮಾತಾಡಿ ಮುಗಿಸಿಲ್ಲ.”

ಅವರು ಎದ್ದರು. ಈ ಸಲ ಆತುರವಿರಲಿಲ್ಲ. ಕುರ್ಚಿಯನ್ನು ಎರಡೂ ಕೈಯಿಂದ ಮೇಜಿನಡಿಗೆ ಸರಿಸಿದರು. ಮೇಲಂಕಣದಲ್ಲಿ ಎಲ್ಲರೂ ಅವರ ತುಟಿಗಳನ್ನೇ ನೋಡುತ್ತಿದ್ದೆವು. ತುಟಿಗಳು ತೆರೆಯಲಿಲ್ಲ. ಮೆಟ್ಟಿಲು ಇಳಿದು ಬಂದು, ಚಿಕ್ಕ ಮೇಜಿನ ಮುಂದೆ ನಿಂತರು. ಅವರು ಮಾಡಲು ಬಂದಿದ್ದ ಉಪಕಾರವನ್ನು ಅಕ್ಕ ಒಲ್ಲೆನೆಂದಿದ್ದರು. ಅದರ ಬೆಲೆ ಏನೆಂಬುದು ಇಬ್ಬರಿಗೂ ಗೊತ್ತಿತ್ತು.

“ಬರ್ತೀನಿ ಅಕ್ಕಾ” ಎಂದರು.

“ಹೋಗ್ಬನ್ನಿ ಸಾರ್” ಎಂದರು ಅಕ್ಕ, ಎದ್ದು ನಿಂತು.

ಆಸನಗಳ ನಡುವಿನ ದಾರಿಯಲ್ಲಿ ಅವರು ನಡೆದುಹೋದರು. ಆಡಳಿತಾಧಿಕಾರಿಗಳು ಅವರನ್ನು ಕರೆಯಲು ಕೈ ಎತ್ತಿದವರು, ನಡೆಯುತ್ತಿರುವ ಸಭೆಯಲ್ಲಿ ಕೂಗುವುದು ಸರಿಯಲ್ಲವೆಂದು ತೋರಿತೋ ಏನೋ, ಎತ್ತಿದ ಕೈಯನ್ನು ಹಾಗೆಯೇ ಇಳಿಸಿದರು. ದರ್ಜಿ ತಿರುಗಿ ನೋಡಲಿಲ್ಲ. ಅವರ ಹಿಂದೆ ಆ ದೊಡ್ಡ ಬಾಗಿಲು ತನ್ನಷ್ಟಕ್ಕೆ ತಾನೇ, ನಿಧಾನವಾಗಿ, ಮುಚ್ಚಿಕೊಂಡಿತು.